ಹುರಿ ನಿಂತ ಹೊತ್ತು

ದಾರಿಗಳೆಲ್ಲ ಬಂದು ಕೂಡುವ ಒಂದು ಊರಿತ್ತು ಎಂದು ನಂಬಿ. ನಂಬದಿದ್ದರೂ ನಷ್ಟವಿಲ್ಲ. ನಂಬದವರೂ ಆ ಊರನ್ನು ದಾಟಿಯೇ ಮುಂದಕ್ಕೆ ಹೋಗಬೇಕಾಗಿತ್ತು.

ಮೂಡಣದಿಂದ ಬಂದವರು, ಪಡುವಣದಿಂದ ಬಂದವರು, ತೆಂಕಣದವರು, ಬಡಗಣದವರು, ಎಲ್ಲರೂ ಊರ ನಡುವಿನ ಕಟ್ಟೆಯ ಮುಂದೆ ನಿಲ್ಲುತ್ತಿದ್ದರು. ತಾವು ಹೋಗಬೇಕಾದ ಊರಿನ ಹೆಸರು ಹೇಳುತ್ತಿದ್ದರು. ಕಟ್ಟೆಯ ಮೇಲೆ ಕೂತವಳು ದಾರಿ ಹೇಳುತ್ತಿದ್ದಳು. ಓಲೆ ಹೊತ್ತವರು, ಉಪ್ಪಿನ ಗಾಡಿಯವರು, ದಿಬ್ಬಣದವರು, ಹೆಣ ಹೊತ್ತವರು, ಯಾರೇ ಆಗಲಿ ಕೇಳಿಯೇ ಹೋಗಬೇಕು. ದಾರಿ ಗೊತ್ತಿದ್ದರೂ ಕೇಳಬೇಕು. ಕೇಳದೆ ಹಿಡಿದ ದಾರಿ ಎಷ್ಟು ನಡೆದರೂ ತಿರುಗಿ ಕಟ್ಟೆಯ ಮುಂದಕ್ಕೇ ತಂದು ಬಿಡುತ್ತಿತ್ತು. ಅದು ಆ ಮಣ್ಣಿನ ಗುಣ.

ಕಟ್ಟೆಯ ಮೇಲೆ ಎರಡು ಕಲ್ಲುಗಳಿದ್ದವು. ದಾರಿಗಳ ಕಡೆಗೆ ಮುಖ ಮಾಡಿದ್ದು ಮುಂಗಲ್ಲು. ಅದಕ್ಕೆ ಬೆನ್ನು ಕೊಟ್ಟದ್ದು ಹಿಂಗಲ್ಲು. ಮುಂಗಲ್ಲಿನ ಮೇಲೆ ಹಿರಿಯಾಕೆ ಕೂತಿದ್ದಳು. ಹಿಂಗಲ್ಲಿನ ಮೇಲೆ ಕಿರಿಯಾಕೆ ಕೂತಿದ್ದಳು. ಹಿರಿಯಾಕೆಯ ಕಣ್ಣಿಗೆ ಲೋಕವೆಲ್ಲ ಕಾಣುತ್ತಿತ್ತು. ಕಿರಿಯಾಕೆಯ ಕಣ್ಣಿಗೆ ಒಂದು ಮೋಟುಗೋಡೆ ಕಾಣುತ್ತಿತ್ತು, ಅದರ ಮೇಲೆ ಹರಿದು ಹೋಗುವ ಇರುವೆ ಸಾಲು ಕಾಣುತ್ತಿತ್ತು.

ಇಬ್ಬರ ಕೈಮಣಿಕಟ್ಟಿಗೂ ಒಂದೇ ಹುರಿ. ಸೂರ್ಯ ಮುಳುಗಿ ದಾರಿಗಳು ಮಲಗಿದ ಮೇಲೆ ಹುರಿ ಕಳಚಿ, ಕತ್ತಲಲ್ಲಿ ಒಬ್ಬೊಬ್ಬರಾಗಿ ಕಟ್ಟೆ ಇಳಿಯುವರು; ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಹಿರಿಯಾಕೆ ಒಂದು ಮಾತು ಆಡಿದರೆ ಒಂದು ಸಲ ಹುರಿ ಜಗ್ಗುವಳು. ಕೇಳುವವರು ಯಾರೂ ಇಲ್ಲದಾಗಲೂ ಉಸಿರಿಗೊಂದು ಸಲ ಜಗ್ಗುವಳು. ಇದ್ದೇನೆ, ಇದ್ದೇನೆ, ಇದ್ದೇನೆ ಎಂದು ಹುರಿ ಹೇಳುತ್ತಿರಬೇಕು. ಹಿಂದೆ ಕೂತ ಕಿರಿಯಾಕೆ, ಮುಂದಿನವಳು ಹೇಳಿದ ದಾರಿಯನ್ನೆಲ್ಲ ತುಟಿ ಮಾತ್ರ ಅಲ್ಲಾಡಿಸಿ, ದನಿಯಿಲ್ಲದೆ ತಾನೂ ಹೇಳಿಕೊಳ್ಳುತ್ತಿರಬೇಕು. ಯಾವ ಓಲೆ ಎಲ್ಲಿಗೆ ಹೋಯಿತು, ಯಾವ ಗಾಡಿ ಯಾವ ಕಡೆ ತಿರುಗಿತು, ಎಲ್ಲವೂ ಅವಳ ಬಾಯಲ್ಲಿ ಸದ್ದಿಲ್ಲದೆ ಕೂತಿರಬೇಕು. ಹುರಿ ನಿಂತಿತೋ, ಮುಂದಿನ ಮಾತು ಹಿಂದಿನವಳ ಬಾಯಿಂದ ಬರಬೇಕು. ದಾರಿ ಕೇಳಲು ಬಂದವನಿಗೆ ದನಿ ಬದಲಾದದ್ದು ಗೊತ್ತಾಗುವ ಮೊದಲೇ ಅವನು ಊರ ಹೊಸಿಲು ದಾಟಿರಬೇಕು.

ಎಷ್ಟು ಹೊತ್ತು ನಿಂತರೆ ನಿಂತಂತೆ? ಅದಕ್ಕೂ ಅಳತೆ ಇತ್ತು. ಕಟ್ಟೆಯ ಪಕ್ಕದಲ್ಲಿ ಊರ ಯಜಮಾನ ಕೂತಿರುತ್ತಿದ್ದ. ಅವನ ಬಲಗಡೆ ಒಂದು ಹಿತ್ತಾಳೆ ಗಿಂಡಿ, ಎಡಗಡೆ ಒಂದು ಕುಡುಗೋಲು. ದನಿ ನಿಂತ ಕೂಡಲೇ ಅವನು ಗಿಂಡಿ ಎತ್ತಿ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಳ್ಳುವನು. ಆ ಗುಟುಕು ಗಂಟಲಿಳಿಯುವ ಮೊದಲು ದನಿ ಬಂದರೆ ಆಕೆ ಬದುಕಿದ್ದಾಳೆ. ಇಳಿದ ಮೇಲೆ ಬಂದರೆ, ಅದು ಸತ್ತವಳ ದನಿ. ಸತ್ತವಳ ದನಿ ಕೇಳಿಸಿಕೊಳ್ಳಬಾರದು.

ಆ ಊರಿನಲ್ಲಿ ಎಲ್ಲವೂ ಜೋಡಿಯಾಗಿತ್ತು. ಗುಡಿಗೆ ಎರಡು ಗಂಟೆ, ಒಂದನ್ನು ಯಾರೂ ಬಾರಿಸಿರಲಿಲ್ಲ. ಬಾವಿಗೆ ಎರಡು ಹಗ್ಗ, ಒಂದು ನೀರು ಮುಟ್ಟಿರಲಿಲ್ಲ. ನಂದಾದೀಪದ ಪಕ್ಕದಲ್ಲಿ ಎಣ್ಣೆ ಬತ್ತಿ ಹಾಕಿಟ್ಟ ಇನ್ನೊಂದು ದೀಪ, ಅದನ್ನು ಹಚ್ಚುವ ದಿನ ಬರದಿರಲಿ ಎಂದು ಅರ್ಚಕರು ದಿನವೂ ಬೇಡಿಕೊಳ್ಳುತ್ತಿದ್ದರು. ನಮ್ಮ ಕಟ್ಟೆ ಎಂದೂ ಮೂಕವಾಗಿಲ್ಲ ಎಂಬುದು ಊರಿನ ಹೆಮ್ಮೆ.

ಸತ್ತವಳ ದನಿ ಯಾಕೆ ಕೇಳಬಾರದು ಎಂದು ಯಾರಾದರೂ ಕೇಳಿದರೆ ಯಜಮಾನ ಹಳೆಯ ಸಂಗತಿಯೊಂದನ್ನು ಹೇಳುತ್ತಿದ್ದ. ಅಜ್ಜಂದಿರ ಅಜ್ಜಂದಿರ ಕಾಲದಲ್ಲಿ ಒಂದು ಸಲ ಹುರಿ ಸವೆದು ತಾನಾಗಿ ಹರಿಯಿತಂತೆ. ಮುಂದಿನವಳು ಬದುಕೇ ಇದ್ದಳು. ಹಿಂದಿನವಳು, ಆಕೆ ಸತ್ತಳೆಂದುಕೊಂಡು ತಾನೂ ಹೇಳತೊಡಗಿದಳು. ಒಬ್ಬಳು ಮೂಡಣ ಅಂದರೆ ಇನ್ನೊಬ್ಬಳು ಪಡುವಣ ಅಂದಳು. ಎದುರೆದುರು ಬಂದ ಎತ್ತುಗಳು ಕೊಂಬು ಮುರಿದುಕೊಂಡವು. ದಿಬ್ಬಣ ಸುಡುಗಾಡಿಗೆ ಹೋಯಿತು. ಹೆಣ ಮದುವೆ ಚಪ್ಪರದ ಕೆಳಗೆ ಬಂದು ಇಳಿಯಿತು. ವರನ ತಾಯಿ ಹೆಣಕ್ಕೆ ಆರತಿ ಎತ್ತಿದಳಂತೆ. ಅಂದಿನಿಂದ ಕಟ್ಟಳೆಯಾಯಿತು: ದನಿ ಒಂದೇ ಇರಬೇಕು, ನಿಂತ ದನಿ ಮತ್ತೆ ಏಳಬಾರದು.

ಒಳ್ಳೆಯ ಕಟ್ಟಳೆಯೇ. ಅದರ ಮೇಲೆ ಊರು ಬಹಳ ಕಾಲ ನೆಮ್ಮದಿಯಾಗಿತ್ತು. ಆ ಮುದುಕಿ ಬರುವ ತನಕ.

ಆಕೆಯ ತಲೆಯ ಮೇಲೆ ತುಪ್ಪದ ಗಡಿಗೆ ಇತ್ತು. ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆ. ಮುಂಗಲ್ಲಿನ ಎದುರು ಬಂದು ನಿಂತಳು.

"ಮಗಳಿಗೆ ದಿನ ತುಂಬ್ತಾ ಬಂದಿದೆ ಕಣವ್ವ. ಹೆರಿಗೆಗೆ ಮುಂಚೆ ಹೋಗಿ ಸೇರಬೇಕು. ದಾರಿ ಹೇಳು."

"ಯಾವೂರಜ್ಜಿ?" ಎಂದು ಹಿರಿಯಾಕೆ ಕೇಳಿದಳು, ಹುರಿ ಜಗ್ಗಿದಳು.

"ಅದೇ ಮರೆತುಹೋಯ್ತಲ್ಲವ್ವ. ನಾಲಿಗೆ ತುದೀಲಿದೆ, ಬರ್ತಾ ಇಲ್ಲ. ಬಾವಿ ನೀರು ಸ್ವಲ್ಪ ಉಪ್ಪು. ಮಗಳು ಮದುವೆಯಾಗಿ ಹೋದ ಹೊಸದರಲ್ಲಿ, ಈ ನೀರಲ್ಲಿ ಬೇಳೆ ಬೇಯಲ್ಲ ಅಂತ ಅತ್ತಿದ್ದಳು."

ಹೆಸರಿಲ್ಲದ ಊರಿಗೆ ದಾರಿ ಕೇಳಿದವರು ಆವರೆಗೂ ಯಾರೂ ಬಂದಿರಲಿಲ್ಲ. ಹಿರಿಯಾಕೆ ಮುದುಕಿಯ ಮುಖ ನೋಡಿದಳು. ಗಡಿಗೆ ನೋಡಿದಳು. ಪಾದ ನೋಡಿದಳು. ಬೇಳೆ ಬೇಯದ ನೀರು ಎಲ್ಲಿ? ತೆಂಕಣದ ಬಾವಿಗಳು ಸಿಹಿ. ಮೂಡಣದಲ್ಲಿ ಬಾವಿಗಳೇ ಇಲ್ಲ, ಕೆರೆ ನೀರು. ಪಡುವಣದಲ್ಲಿ, ಪಡುವಣದಲ್ಲಿ... ಹೀಗೆ ಒಂದೊಂದೇ ದಾರಿಯ ಬಾವಿಗಳಿಗೆ ಮನಸ್ಸಿನಲ್ಲೇ ಬಗ್ಗಿ ನೋಡುತ್ತಾ ಹೋದಳು. ನೋಡುತ್ತಾ ನೋಡುತ್ತಾ ಕೈ ನಿಂತಿತು.

ಹುರಿ ನಿಂತಿತು.

ಯಜಮಾನ ಗಿಂಡಿ ಎತ್ತಿದ. ಗುಟುಕು ಗಂಟಲಿಳಿಯಿತು.

"ಮೂಡಣ ದಾರಿ," ಎಂದಿತು ಒಂದು ದನಿ.

ಕಿರಿಯಾಕೆಯ ದನಿ. ಅವಳು ಮುದುಕಿಯ ಮುಖ ನೋಡಿರಲಿಲ್ಲ, ಪಾದ ನೋಡಿರಲಿಲ್ಲ. ಅವಳ ಬಾಯಲ್ಲಿ ಹಿಂದಿನ ಮಾತುಗಳೆಲ್ಲ ಇದ್ದವು. ಆ ದಿನಗಳಲ್ಲಿ ಬಾಣಂತನಕ್ಕೆಂದು ಹೊರಟ ತಾಯಂದಿರೆಲ್ಲ ಮೂಡಣಕ್ಕೇ ಹೋಗಿದ್ದರು. ಆದ್ದರಿಂದ ಮೂಡಣ ಎಂದಳು. ತಪ್ಪು ಎಂದು ಹೇಳುವುದಕ್ಕೂ ಆಗದು. ಅವಳಿಗೆ ಕಲಿಸಿದ್ದನ್ನು ಅವಳು ಕಲಿಸಿದ ಹಾಗೆಯೇ ಮಾಡಿದಳು. ಮುದುಕಿ ಕೈ ಮುಗಿದು ಗಡಿಗೆ ಸರಿಮಾಡಿಕೊಂಡು ಮೂಡಣಕ್ಕೆ ನಡೆದಳು.

ಯಜಮಾನ ಎದ್ದು ಬಂದು ಕುಡುಗೋಲಿನಿಂದ ಹುರಿ ಕೊಯ್ದ.

"ಹಿರಿಯಾಕೆ ತೀರಿಕೊಂಡಳು," ಎಂದ. "ಕಟ್ಟೆ ಮೂಕವಾಗಲಿಲ್ಲ."

"ಯಜಮಾನರೇ," ಎಂದಳು ಹಿರಿಯಾಕೆ. "ನಾನು ಸತ್ತಿಲ್ಲ. ಯೋಚನೆ ಮಾಡ್ತಿದ್ದೆ."

ಯಜಮಾನ ಆಕೆಯ ಮೂಲಕ ಹಾಯ್ದು ನೋಡುವವನಂತೆ ಆಚೆಗೆ ನೋಡಿದ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಒಳ್ಳೆಯವಳು, ಒಂದು ದಿನವೂ ಕೆಮ್ಮಿದವಳಲ್ಲ ಎಂದರು. ಹಿರಿಯಾಕೆ ತಿರುಗಿ ನೋಡದೆ ಕಟ್ಟೆ ಇಳಿದ ಮೇಲೆ ಕಿರಿಯಾಕೆ ಎದ್ದು, ಮಣಿಕಟ್ಟಿನಲ್ಲಿ ತುಂಡು ಹುರಿ ಜೋತಾಡುತ್ತಿದ್ದ ಹಾಗೆಯೇ, ಮುಂಗಲ್ಲಿನ ಮೇಲೆ ಬಂದು ಕೂತಳು. ದಾರಿಗಳನ್ನು ಹೇಳತೊಡಗಿದಳು.

ಹಿರಿಯಾಕೆ ಮನೆಗೆ ಹೋದಳು. ಅಂಗಳದಲ್ಲಿ ಗಂಡ ಮೀಸೆ ಬೋಳಿಸಿಕೊಂಡು ಕೂತಿದ್ದ.

"ಮೀಸೆ ತೆಗೆದರೆ ಥೇಟ್ ನಿಮ್ಮಪ್ಪನೇ," ಎಂದಳು.

ಸತ್ತವರೊಡನೆ ಮಾತಾಡಿದರೆ ಮನೆಗೆ ಕೇಡು ಎಂದು ಊರಿನ ನಂಬಿಕೆ. ಗಂಡ ಪಡಸಾಲೆಯ ಕಂಬದ ಕಡೆ ತಿರುಗಿದ.

"ಕಂಬವೇ," ಎಂದ, "ಒಲೆಯ ಮೇಲೆ ಹುರುಳಿಸಾರು ಇದೆ. ಕಂಬ ಉಣ್ಣುತ್ತೋ ಇಲ್ಲವೋ ನಾನು ಕಾಣೆ. ಇದ್ದದ್ದು ಹೇಳಿದೆ."

"ಸಾರಿಗೆ ಉಪ್ಪು ಹಾಕಿದ್ದೀರೋ ಇಲ್ಲವೋ ಅಂತ ಕಂಬ ಕೇಳ್ತಿದೆ," ಎಂದಳು ಹಿರಿಯಾಕೆ.

"ಹಾಕಿದೆ, ಕಂಬವೇ."

"ಇಷ್ಟು ವರ್ಷ ಬದುಕಿದ್ದಾಗ ಒಂದು ದಿನ ಸಾರು ಮಾಡಲಿಲ್ಲ. ಸತ್ತ ದಿನವೇ ಮಾಡಿದಿರಿ."

ಗಂಡನ ಭುಜ ಅಲುಗಿತು. ನಕ್ಕನೋ ಅತ್ತನೋ ಕಂಬಕ್ಕೂ ತಿಳಿಯಲಿಲ್ಲ.

ಅವಳು ಉಂಡಳು. ಕೈ ತೊಳೆದು ದೇವರ ಮುಂದೆ ದೀಪ ಹಚ್ಚಿ ನಿಂತಳು. "ಉಸಿರು ಕೊಟ್ಟವನು ನೀನು," ಎಂದಳು. "ನೀನು ತೆಗೆದುಕೊಂಡರೆ ನಾನು ತಕರಾರು ಮಾಡುವವಳಲ್ಲ. ನೀನು ತೆಗೆದುಕೊಂಡಿಲ್ಲ. ಒಂದು ಗುಟುಕು ನೀರು ತೆಗೆದುಕೊಂಡಿದೆ. ಅದಕ್ಕೆ ನಾನು ತಲೆ ಬಾಗುವುದಿಲ್ಲ."

ಆದರೆ ಒಂದು ನೇಮ ಮಾಡಿಕೊಂಡಳು. ಯಾರ ಎದುರೂ ಯಾವ ದಾರಿಯ ಹೆಸರನ್ನೂ ಎತ್ತುವುದಿಲ್ಲ. ಎರಡು ದನಿ ಎದ್ದರೆ ಎತ್ತುಗಳ ಕೊಂಬು ಮುರಿಯುತ್ತದೆ, ಹೆಣಕ್ಕೆ ಆರತಿ ಎತ್ತಬೇಕಾಗುತ್ತದೆ. ಆ ಸಂಗತಿ ಸುಳ್ಳಲ್ಲ ಎಂದು ಆಕೆಗೆ ಗೊತ್ತಿತ್ತು. ಬಾವಿಯ ಬಳಿ ಹೆಂಗಸರ ನಡುವೆ ನಿಂತು ಸೊಪ್ಪಿನ ಮಾತಾಡಿದಳು, ಸೊಸೆಯಂದಿರ ಮಾತಾಡಿದಳು, ಯಾರೂ ಓಗೊಡದಿದ್ದರೂ ಆಡಿದಳು. ದಾರಿಯ ಮಾತು ಮಾತ್ರ ಆಡಲಿಲ್ಲ.

ಕ್ರಿಯೆಯ ದಿನ ಬಂತು. ಕಟ್ಟೆಯ ಮೇಲೆ ಕೂತು ತೀರಿಕೊಂಡವರ ಎಡೆಯನ್ನು, ಹಿಂಗಲ್ಲಿನ ಎದುರಿನ ಮೋಟುಗೋಡೆಯ ಮೇಲೆಯೇ ಇಡುವುದು ಪದ್ಧತಿ. ಬಾಳೆಲೆ ಹಾಸಿ ಅನ್ನ, ಎಳ್ಳು, ಆಕೆಗೆ ಇಷ್ಟವಾಗಿದ್ದ ಹಾಗಲಕಾಯಿ ಗೊಜ್ಜು, ಎಲ್ಲ ಬಡಿಸಿದರು. ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಸತ್ತವಳು ತೃಪ್ತಿಯಾಗಿ ಹೋದಳು ಎಂದು. ಆಮೇಲೆ ಹೊಸ ಹುರಿ ಕಟ್ಟಿ, ಹಿಂಗಲ್ಲಿಗೆ ಇನ್ನೊಬ್ಬಳನ್ನು ಕೂರಿಸಬೇಕು. ಕಾಗೆ ಮುಟ್ಟುವ ತನಕ ಹಿಂಗಲ್ಲು ಖಾಲಿ.

ಮರದ ಮೇಲೆ ಕಾಗೆಗಳು ಬಂದು ಕೂತವು. ಒಂದು ಕೆಳಗಿಳಿಯಿತು. ಅಷ್ಟರಲ್ಲಿ ಹಿರಿಯಾಕೆ ಜನರ ನಡುವೆ ದಾರಿ ಮಾಡಿಕೊಂಡು ಬಂದು ಎಲೆಯ ಪಕ್ಕದಲ್ಲೇ, ಗೋಡೆಯ ಮೇಲೆ, ಕಾಲು ಇಳಿಬಿಟ್ಟು ಕೂತಳು.

"ಹುಶ್," ಎಂದಳು.

ಕಾಗೆ ಹಾರಿಹೋಯಿತು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಏಳು ಎನ್ನಬೇಕಾದರೆ ಅವಳೊಡನೆ ಮಾತಾಡಬೇಕು. ಮಾತಾಡಿದರೆ ಅವಳು ಇದ್ದಾಳೆ ಎಂದು ಒಪ್ಪಿದಂತೆ. ಕೈ ಹಿಡಿದು ಎಬ್ಬಿಸಬೇಕಾದರೆ ಸತ್ತವಳನ್ನು ಮುಟ್ಟಬೇಕು. ಪುರೋಹಿತರು ಆಕಾಶ ನೋಡಿದರು.

"ಗಾಳಿ ಜಾಸ್ತಿ," ಎಂದರು. "ಅದಕ್ಕೆ ಕಾಗೆ ಕೂರುತ್ತಿಲ್ಲ."

"ಗಾಳಿ ಒಂದು ಎಲೆಯನ್ನೂ ಅಲ್ಲಾಡಿಸುತ್ತಿಲ್ಲ, ಪುರೋಹಿತರೇ," ಎಂದಳು ಹಿರಿಯಾಕೆ.

"ಸತ್ತವಳಿಗೆ ಏನೋ ಆಸೆ ಉಳಿದಿದೆ," ಎಂದು ಯಜಮಾನ ಕೈ ಮುಗಿದು ಕಾಗೆಗಳ ಕಡೆ ತಿರುಗಿ ಕೇಳಿಕೊಂಡ. "ತಾಯಿ, ನಿನ್ನ ಗಂಡನನ್ನು ಊರು ನೋಡಿಕೊಳ್ಳುತ್ತೆ. ನಿನ್ನ ಹೆಸರಿನಲ್ಲಿ ಅರವಟ್ಟಿಗೆ ಇಡಿಸ್ತೇವೆ. ಆಸೆ ಏನಿದ್ದರೂ ತೀರಿಸ್ತೇವೆ. ಬಂದು ಮುಟ್ಟು."

"ಆಸೆ ಒಂದೇ," ಎಂದಳು ಅವನ ಮಗ್ಗುಲಲ್ಲೇ ಕೂತಿದ್ದವಳು. "ಬದುಕಿದ್ದೀನಿ ಅನ್ನಿ."

ಯಜಮಾನ ಕಾಗೆಗಳನ್ನೇ ನೋಡುತ್ತಿದ್ದ.

ಮರುದಿನವೂ ಎಡೆ ಇಟ್ಟರು. ಮರುದಿನವೂ ಅವಳು ಬಂದು ಕೂತಳು, ಹುಶ್ ಎಂದಳು. ಮತ್ತೆ ಇಟ್ಟರು, ಮತ್ತೆ ಬಂದಳು. ಅತ್ತ ಮುಂಗಲ್ಲಿನ ಮೇಲೆ ಕಿರಿಯಾಕೆ ಒಬ್ಬಳೇ. ಬೆನ್ನಿಗೆ ಯಾರೂ ಇಲ್ಲ. ಮಣಿಕಟ್ಟಿನ ತುಂಡು ಹುರಿಯನ್ನು ಅಭ್ಯಾಸದಿಂದ ಜಗ್ಗುತ್ತಾಳೆ, ಆ ಕಡೆ ಗಾಳಿ. ಕೆಮ್ಮಿದರೆ ಊರು ಬೆಚ್ಚುತ್ತದೆ. ನೀರು ಕುಡಿಯಲು ಹೆದರುತ್ತಾಳೆ. ಅವಳ ದನಿ ದಿನದಿನಕ್ಕೆ ಬತ್ತಿದ ಬಾವಿಯ ರಾಟೆಯಂತೆ ಕಿರುಗುಟ್ಟತೊಡಗಿತು. ಸೂರ್ಯ ಮುಳುಗಿ ದಾರಿಗಳು ಮಲಗಿದ ಮೇಲೆ ಮಾತ್ರ ಅವಳಿಗೆ ಒಂದು ಹನಿ ಗಂಜಿ.

ಅದರ ಮೇಲೆ ಇನ್ನೊಂದು ಸಂಕಟ ಅವಳಿಗೆ. ಹಿಂಗಲ್ಲಿನಲ್ಲಿ ಕೂತಿದ್ದಾಗ ಊರುಗಳೆಲ್ಲ ಬರೀ ಹೆಸರಾಗಿದ್ದವು. ಈಗ ಮುಖಗಳು ಬಂದು ಎದುರು ನಿಲ್ಲುತ್ತಿದ್ದವು. ಅಳುವ ಮುಖ, ಸುಳ್ಳು ಹೇಳುವ ಮುಖ, ಹಸಿದ ಮುಖ. ಹೆಸರು ಕೇಳಿದ ಕೂಡಲೇ ದಾರಿ ಬಾಯಿಗೆ ಬರುತ್ತಿತ್ತು. ಮುಖ ನೋಡಿದಾಗ ನಾಲಿಗೆ ತಡೆಯುತ್ತಿತ್ತು. ತಡೆದರೆ ಗುಟುಕು ಇಳಿಯುತ್ತದೆ. ತಾನು ಕಾಣದೆ ಮೂಡಣಕ್ಕೆ ಕಳಿಸಿದ ಆ ಹೆಜ್ಜೆಸಪ್ಪಳ, ಬಲಗಾಲು ಎಳೆದಂತೆ ಕೇಳಿದ್ದ ಸಪ್ಪಳ, ಅವಳ ಕಿವಿಯಲ್ಲಿ ಇನ್ನೂ ನಡೆಯುತ್ತಲೇ ಇತ್ತು.

ಕೊನೆಗೆ ಒಂದು ಬೆಳಿಗ್ಗೆ, ಎಡೆಯ ಮುಂದೆ, ಯಜಮಾನನ ತಾಳ್ಮೆ ಹರಿಯಿತು. ಕಾಗೆ ಎಲೆಯ ತುದಿಯ ತನಕ ಬಂದಿತ್ತು. ಕೊಕ್ಕು ಬಗ್ಗಿಸಿತ್ತು.

"ಹುಶ್," ಎಂದಳು ಹಿರಿಯಾಕೆ.

"ಏಳಮ್ಮಾ ಅಲ್ಲಿಂದ!" ಎಂದ ಯಜಮಾನ.

ಎಲ್ಲರೂ ಅವನ ಕಡೆ ತಿರುಗಿದರು. ಪುರೋಹಿತರ ಕೈಯಿಂದ ದರ್ಭೆ ಜಾರಿತು.

"ಯಾರಿಗೆ ಹೇಳಿದಿರಿ?" ಎಂದಳು ಹಿರಿಯಾಕೆ, ಮೆಲ್ಲಗೆ.

ಯಜಮಾನ ಮರದ ಕಾಗೆಗಳ ಕಡೆ ಕೈ ತೋರಿಸಿದ.

"ಕಾಗೆಗೆ ಅಮ್ಮಾ ಅನ್ನೋ ಪದ್ಧತಿ ನಮ್ಮಲ್ಲಿಲ್ಲ," ಎಂದ ಹುರಿಗಾರ. ಊರಿನ ಹುರಿಗಳನ್ನೆಲ್ಲ ಹೊಸೆಯುವವನು ಅವನು. ಕಂಕುಳಲ್ಲಿ ನಾರಿನ ಸಿಂಬಿ ಇಟ್ಟುಕೊಂಡು, ಹೊಸ ಹುರಿ ಕಟ್ಟುವ ಕರೆ ಬರಲೆಂದು ದಿನವೂ ಬಂದು ನಿಂತು ಬೇಸತ್ತಿದ್ದ. "ಯಜಮಾನರು ಹಿರಿಯಾಕೆ ಜೊತೆಗೇ ಮಾತಾಡಿದರು. ನಾನಂತೂ ಕೇಳಿಸಿಕೊಂಡೆ."

ಗುಂಪಿನ ಹಿಂದೆ ನಿಂತಿದ್ದ ಗಂಡ, ಕಂಬ ಹತ್ತಿರವಿಲ್ಲದ್ದರಿಂದ, ಹುರಿಗಾರನ ಬೆನ್ನಿಗೆ ಹೇಳಿದ: "ನಾನೂ ಕೇಳಿಸಿಕೊಂಡೆ."

ಯಜಮಾನ ಗೋಡೆಯ ಎದುರು ಕುಸಿದು ಕೂತ. ಮುದಿ ಮುಖ. ಈಗ ಅವಳನ್ನೇ ನೋಡುತ್ತಿದ್ದ.

"ನಿನಗೆ ಹಠ ತಾಯಿ," ಎಂದ. "ನನಗೆ ಊರು. ದನಿ ನಿಂತವಳು ಮತ್ತೆ ಏಳಬಹುದು ಎಂದರೆ, ನಾಳೆ ಇಬ್ಬರೂ ಒಟ್ಟಿಗೆ ಎದ್ದು ನಿಲ್ತಾರೆ. ಕೊಂಬು ಮುರಿದ ಎತ್ತು, ಚಪ್ಪರದಲ್ಲಿ ಹೆಣ. ಆ ಭಯಕ್ಕೆ ನನ್ನ ಹತ್ತಿರ ಇರೋ ಮದ್ದು ಈ ಕುಡುಗೋಲು ಒಂದೇ."

"ನೀವು ಸತ್ತಳು ಎಂದ ಮೇಲೆ ನಾನು ಒಂದು ದಾರಿಯ ಹೆಸರು ಎತ್ತಿದ್ದೀನಾ?"

"ಇಲ್ಲ."

"ಯಾರಾದರೂ ಕೇಳಿದ್ದೀರಾ?"

"ಇಲ್ಲ," ಎಂದರು ಬಾವಿಕಟ್ಟೆಯ ಹೆಂಗಸರು. ಅವರೂ ಬಾಯಿ ಬಿಟ್ಟಿದ್ದರು. "ಸೊಪ್ಪಿನ ಮಾತು ಮಾತ್ರ ಆಡ್ತಿದ್ದಳು. ನಮ್ಮ ಸೊಸೆಯಂದಿರ ಮಾತು ಕೂಡ, ಬೇಡ ಅಂದರೂ."

"ಮುಂಗಲ್ಲು ನನಗೆ ಬೇಡ," ಎಂದಳು ಹಿರಿಯಾಕೆ. "ಆಕೆ ಕೂತಿದ್ದಾಳೆ, ಚೆನ್ನಾಗಿ ಹೇಳ್ತಿದ್ದಾಳೆ. ದನಿ ಒಂದೇ ಇರಲಿ. ನನ್ನನ್ನು ಸತ್ತವಳು ಅನ್ನಬೇಡಿ, ಅಷ್ಟೇ. ನಿಂತದ್ದೆಲ್ಲ ಸಾವಲ್ಲ. ದೇವರ ಮುಂದೆ ನಾವು ಕಣ್ಣು ಮುಚ್ಚಿ ನಿಲ್ಲುತ್ತೇವಲ್ಲ, ಆಗ ಯಾರಾದರೂ ಎಡೆ ಇಡುತ್ತಾರಾ?"

ಆಗ ಕಟ್ಟೆಯ ಆ ಬದಿಯಿಂದ ಬಿರುಕು ಬಿಟ್ಟ ದನಿಯೊಂದು ಬಂತು. ಕಿರಿಯಾಕೆ, ದಾರಿಗಳ ನಡುನಡುವೆ ಸಂದು ಮಾಡಿಕೊಂಡು ಮಾತಾಡುತ್ತಿದ್ದಳು.

"ಪಡುವಣ ದಾರಿ. ಯಜಮಾನರೇ, ಅಕ್ಕನನ್ನು ಹಿಂಗಲ್ಲಿಗೆ ಕರೆತನ್ನಿ. ತೆಂಕಣ ದಾರಿ. ಹೊಸಬಳಿಗೆ ದಾರಿಗಳೆಲ್ಲ ಬಾಯಿಗೆ ಬರುವಷ್ಟರಲ್ಲಿ ನನ್ನ ಗಂಟಲು ಸತ್ತಿರುತ್ತೆ. ಗಾಡಿಯವರು ಎಡಕ್ಕೆ, ಮೂಡಣ ದಾರಿ. ಅಕ್ಕನ ಬಾಯಲ್ಲಿ ಎಲ್ಲವೂ ಇದೆ."

"ಮುಂದಿನಿಂದ ಹಿಂದಕ್ಕೆ ಬಂದವರು ಯಾರೂ ಇಲ್ಲ," ಎಂದ ಯಜಮಾನ. "ಹಿಂದಿನವಳು ಮುಂದಕ್ಕೆ, ಮುಂದಿನವಳು ಸುಡುಗಾಡಿಗೆ. ಇಷ್ಟೇ."

"ಬಡಗಣ ದಾರಿ. ಹಾಗಾದರೆ ಕೇಳಿ," ಎಂದಳು ಕಿರಿಯಾಕೆ. "ಅಕ್ಕ ಬಾರದಿದ್ದರೆ ನಾನೂ ನಿಲ್ಲಿಸ್ತೀನಿ. ಹಿಂದೆ ಯಾರೂ ಇಲ್ಲ. ಕೊಯ್ಯಲು ಹುರಿಯೂ ಇಲ್ಲ. ಪಡುವಣ ದಾರಿ, ಹೋಗಪ್ಪ."

ಊರಿನ ಬಾಯಿಂದ ಅಂಥ ಮಾತು ಆವರೆಗೂ ಬಂದಿರಲಿಲ್ಲ.

ಯಜಮಾನ ಹುರಿಗಾರನ ಕಡೆ ನೋಡಿದ. "ಕೊಯ್ದ ಹುರಿ," ಎಂದ.

"ಗಂಟು ಹಾಕಬಹುದು," ಎಂದ ಹುರಿಗಾರ. "ಚೆಂದ ಕಾಣಲ್ಲ. ಬಿಚ್ಚಲ್ಲ."

ಅವನು ಕಟ್ಟೆ ಹತ್ತಿದ. ಕಿರಿಯಾಕೆಯ ಮಣಿಕಟ್ಟಿನ ತುಂಡನ್ನೂ, ಹಿರಿಯಾಕೆ ಸೆರಗಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದ ತುಂಡನ್ನೂ ಸೇರಿಸಿ, ಉಗುಳು ಹಚ್ಚಿ, ಹಲ್ಲಿನಿಂದ ಎಳೆದು ಗಂಟು ಬಿಗಿದ. ಹಿರಿಯಾಕೆ ಹಿಂಗಲ್ಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಕೂತಳು. ಕೂರುವ ಮೊದಲು ಒಂದು ಸಲ ಹಿಂತಿರುಗಿದಳು. ಕಿರಿಯಾಕೆಯೂ ತಿರುಗಿದಳು. ಇಷ್ಟು ಕಾಲ ಒಂದೇ ಹುರಿಗೆ ಕಟ್ಟಿಕೊಂಡು ಕೂತವರು ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು.

"ನಿನ್ನ ದನಿ ಕೇಳಿ, ದಪ್ಪಗೆ ಇರ್ತೀಯ ಅಂದುಕೊಂಡಿದ್ದೆ," ಎಂದಳು ಹಿರಿಯಾಕೆ.

"ಇದ್ದೆ ಅಕ್ಕ. ನಿಮ್ಮ ಕಾಗೆ ಉಪವಾಸದಲ್ಲಿ ನಾನೂ ಇಳಿದೆ. ತೆಂಕಣ ದಾರಿ."

ಹುರಿ ಆಡತೊಡಗಿತು. ಇದ್ದೇನೆ, ಇದ್ದೇನೆ. ಹಿಂಗಲ್ಲಿನಲ್ಲಿ ಹಿರಿಯಾಕೆಯ ತುಟಿಗಳು ದನಿಯಿಲ್ಲದೆ ಅಲುಗಿದವು. ಆಕೆಯ ಕಣ್ಣೆದುರು ಮೋಟುಗೋಡೆ, ಬಾಳೆಲೆ, ಇರುವೆ ಸಾಲು. ಯಜಮಾನ ತನ್ನ ಜಾಗಕ್ಕೆ ಹೋಗಿ ಗಿಂಡಿಯನ್ನೂ ಕುಡುಗೋಲನ್ನೂ ಮತ್ತೆ ಹತ್ತಿರ ಎಳೆದುಕೊಂಡ. ಸೋತವನಂತೆ ಅವನು ಕಾಣುತ್ತಿರಲಿಲ್ಲ. ಗಂಟು ಎಷ್ಟು ಹೊತ್ತು ತಾಳುತ್ತದೆ ನೋಡೋಣ ಎನ್ನುವವನಂತೆ ಕಾಣುತ್ತಿದ್ದ.

ಅಂದೇ, ನೆರಳು ಕಾಲಬುಡಕ್ಕೆ ಬಂದ ಹೊತ್ತಿಗೆ, ಮೂಡಣ ದಾರಿಯಲ್ಲಿ ಬಲಗಾಲು ಎಳೆಯುವ ಹೆಜ್ಜೆಸಪ್ಪಳ ಕೇಳಿತು.

ತುಪ್ಪದ ಗಡಿಗೆಯ ಮುದುಕಿ ಮುಂಗಲ್ಲಿನ ಎದುರು ಬಂದು ನಿಂತಳು. ಗಡಿಗೆಯ ಬಾಯಿಬಟ್ಟೆ ಇನ್ನೂ ಬಿಚ್ಚಿರಲಿಲ್ಲ.

"ಆ ದಾರಿ ಮುಗಿಯುವ ತನಕ ಹೋದೆ," ಎಂದಳು. ಬೈಗುಳವಿರಲಿಲ್ಲ ದನಿಯಲ್ಲಿ. "ಅಲ್ಲೆಲ್ಲ ಕೆರೆ ನೀರು. ಬೇಳೆ ಚೆನ್ನಾಗಿ ಬೇಯುತ್ತೆ. ನನ್ನ ಮಗಳ ಊರಲ್ಲ ಅದು. ನೋವು ಕಾಣಿಸಿಕೊಂಡಿದೆಯೋ ಏನೋ. ಇನ್ನೊಂದು ಸಲ ತಪ್ಪಿದರೆ ನಾನು ಸೇರೋದಿಲ್ಲವ್ವ. ಸರಿಯಾಗಿ ನೋಡಿ ಹೇಳು."

ಕಿರಿಯಾಕೆ ಮುದುಕಿಯ ಮುಖ ನೋಡಿದಳು. ತಾನು ಕಾಣದೆ ಕಳಿಸಿದ ಮುಖ. ಕಾಲು ನೋಡಿದಳು, ಬಲಗಾಲು ಊದಿಕೊಂಡಿತ್ತು. ಬೇಳೆ ಬೇಯದ ನೀರು. ಉಪ್ಪು ಬಾವಿ. ಪಡುವಣವೋ, ಬಡಗಣವೋ? ನೋಡುತ್ತಾ ನೋಡುತ್ತಾ ಕೈ ನಿಂತಿತು.

ಹುರಿ ನಿಂತಿತು.

ಯಜಮಾನ ಗಿಂಡಿ ಎತ್ತಿ ಬಾಯಿಗೆ ಸುರಿದುಕೊಂಡ. ಇನ್ನೊಂದು ಕೈ ಕುಡುಗೋಲಿನ ಮೇಲೆ ಬಂತು.

ಹಿಂಗಲ್ಲಿನ ಮೇಲೆ ಹಿರಿಯಾಕೆಗೆ ಉತ್ತರ ಗೊತ್ತಿತ್ತು. ಅಂದು ಅರ್ಧಕ್ಕೆ ನಿಂತ ಯೋಚನೆಯನ್ನು ಆಕೆ ಮನೆಯಲ್ಲಿ ಕೂತು ಮುಗಿಸಿದ್ದಳು. ಒಂದು ಮಾತು ಎತ್ತಿದರೆ ಸಾಕು. ಮುದುಕಿಗೆ ದಾರಿ ಸಿಗುತ್ತದೆ, ಆಕೆಗೆ ಮುಂಗಲ್ಲು ಸಿಗುತ್ತದೆ, ಸತ್ತವಳು ಎಂಬ ಮಾತು ತೊಳೆದುಹೋಗುತ್ತದೆ. ಕಟ್ಟಳೆಯೂ ಅದನ್ನೇ ಹೇಳುತ್ತದೆ: ನಿಂತ ಕೂಡಲೇ ನೀನು ಹೇಳು. ಆದರೆ ಬರುವ ಕ್ರಿಯೆಯ ದಿನ, ಮೋಟುಗೋಡೆಯ ಮೇಲೆ ಕಿರಿಯಾಕೆಯ ಹೆಸರಿನ ಎಲೆ.

ಹಿರಿಯಾಕೆ ಬಾಯಿ ತೆರೆಯಲಿಲ್ಲ. ಹುರಿ ಜಗ್ಗಿದಳು.

ಹಿಂದಿನವಳು ಹುರಿ ಜಗ್ಗಿದ್ದು ಆ ಊರಿನಲ್ಲಿ ಅದೇ ಮೊದಲು. ಹುರಿ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಹೇಳುತ್ತಿತ್ತು. ಹಿಂದಿನಿಂದ ಮುಂದಕ್ಕೆ ಅದು ಏನನ್ನೂ ಕೇಳಿರಲಿಲ್ಲ. ಈಗ ಇದ್ದೀಯಾ ಎಂದು ಕೇಳಿತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗಂಟು ಅಲುಗಿತು. ಇದ್ದೇನೆ.

ಯಜಮಾನನ ಗಂಟಲಿನಲ್ಲಿ ಗುಟುಕು ಇಳಿದದ್ದು ಎಲ್ಲರಿಗೂ ಕಾಣಿಸಿತು. ಅವನು ಕುಡುಗೋಲು ಹಿಡಿದು ಎದ್ದ. ಹಿರಿಯಾಕೆ ಕೈ ಮೇಲೆತ್ತಿದಳು. ಹುರಿ ಬಿಗಿಯಾಗಿ ಗಾಳಿಯಲ್ಲಿ ನಿಂತಿತು, ನಡುವೆ ಆ ಒರಟು ಗಂಟು.

"ಬದುಕಿದ್ದಾಳೆ," ಎಂದಳು. "ಯೋಚನೆ ಮಾಡ್ತಿದ್ದಾಳೆ. ನಿಲ್ಲಿ."

ಅದು ದಾರಿಯ ಹೆಸರಾಗಿರಲಿಲ್ಲ. ಆದ್ದರಿಂದ ಎರಡನೆಯ ದನಿಯೂ ಆಗಿರಲಿಲ್ಲ. ಯಜಮಾನನ ಕುಡುಗೋಲು ಎತ್ತಿದಲ್ಲೇ ತಡೆಯಿತು.

ಊರು ನಿಂತಿತು. ಓಲೆ ಹೊತ್ತವರು ಒಂದು ಕಾಲ ಮೇಲೆ ನಿಂತರು. ಉಪ್ಪಿನ ಗಾಡಿಯ ಎತ್ತುಗಳು ನಿಂತು ಮೆಲುಕು ಹಾಕಿದವು, ಅವುಗಳ ಕೊಂಬಿಗೆ ಏನೂ ಆಗಲಿಲ್ಲ. ದಿಬ್ಬಣವೊಂದು ವಾದ್ಯ ನಿಲ್ಲಿಸಿ ನಿಂತಿತು. ಕಟ್ಟೆ ಕಟ್ಟಿದಂದಿನಿಂದ ಹಗಲು ಹೊತ್ತಿನಲ್ಲಿ ಕೇಳದಿದ್ದ ಒಂದು ಸದ್ದು ಆಗ ಜನರಿಗೆ ಕೇಳಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅದು ತಮ್ಮ ತಮ್ಮ ಉಸಿರಿನ ಸದ್ದು.

"ಅಜ್ಜಿ," ಎಂದು ಕಿರಿಯಾಕೆ ಕೇಳಿದಳು, "ಆ ಬಾವಿಯ ನೀರಲ್ಲಿ ಬಟ್ಟೆ ಒಗೆದರೆ ಬಿಳುಪು ಬರುತ್ತಾ?"

"ಎಲ್ಲಿ ಬರುತ್ತೆ? ಹಳದಿಯಾಗುತ್ತೆ. ಅದಕ್ಕೂ ಅತ್ತಿದ್ದಳು."

ಯಜಮಾನ, ಏನು ಮಾಡಬೇಕೆಂದು ತೋಚದೆ, ಗಿಂಡಿಯಿಂದ ಇನ್ನೊಂದು ಗುಟುಕು ಕುಡಿದ. ಹುರಿ ಅಲುಗಿತು: ಇದ್ದೀಯಾ? ಇದ್ದೇನೆ. ಅವನು ಮತ್ತೊಂದು ಗುಟುಕು ಕುಡಿದ.

"ಬಡಗಣ ದಾರಿ," ಎಂದಳು ಕಿರಿಯಾಕೆ. "ಬಟ್ಟೆ ಹಳದಿ ಮಾಡೋ ಉಪ್ಪು ನೀರು ಆ ಕಡೆಯದೇ. ಸುಣ್ಣಕಲ್ಲಿನ ದಿಬ್ಬ ದಾಟಿ ಹೋಗು. ಮೊದಲು ಸಿಗುವ ಬಾವಿಯ ನೀರು ಬಾಯಿಗೆ ಹಾಕಿ ನೋಡು, ನಾಲಿಗೆಗೆ ನಿನ್ನ ಮಗಳ ಊರು ತಿಳಿಯುತ್ತೆ."

ಹಿಂಗಲ್ಲಿನಲ್ಲಿ ಹಿರಿಯಾಕೆಯ ತುಟಿಗಳು ಅದೇ ಮಾತನ್ನು ದನಿಯಿಲ್ಲದೆ ಹೇಳಿಕೊಂಡವು. ಆಕೆ ಮನೆಯಲ್ಲಿ ಕೂತು ಕಂಡುಕೊಂಡಿದ್ದ ದಾರಿಯೂ ಅದೇ. ಆದರೆ ಬಟ್ಟೆಯ ಬಿಳುಪಿನ ವಿಷಯ ಆಕೆಗೆ ಹೊಳೆದಿರಲಿಲ್ಲ.

ಮುದುಕಿ ಗಡಿಗೆಯನ್ನು ಇನ್ನೊಂದು ಸಲ ಸರಿಮಾಡಿಕೊಂಡಳು. ಬಡಗಣಕ್ಕೆ ತಿರುಗಿದಳು. ಎಳೆಯುವ ಕಾಲಿನ ಸಪ್ಪಳ ದೂರವಾಗುತ್ತಾ ಹೋಯಿತು. ಓಲೆಯವರು ಹೆಜ್ಜೆ ಇಟ್ಟರು, ಗಾಡಿಗಳು ಕಿರುಗುಟ್ಟಿದವು, ದಿಬ್ಬಣದ ವಾದ್ಯ ಎದ್ದಿತು. ಮೋಟುಗೋಡೆಯ ಮೇಲೆ ಒಂದು ಕಾಗೆ ಇಳಿದು, ಹಿರಿಯಾಕೆಯ ಕಣ್ಣೆದುರೇ, ಹಾಗಲಕಾಯಿ ಗೊಜ್ಜು ಕಲಸಿದ ಅನ್ನವನ್ನು ಕಚ್ಚಿಕೊಂಡಿತು. ಆಕೆ ಹುಶ್ ಎನ್ನಲಿಲ್ಲ. ತಿನ್ನು ಎಂಬಂತೆ ನೋಡಿದಳು. ಹಸಿದ ಹಕ್ಕಿ ಉಣ್ಣುತ್ತಿದೆ, ಅದಕ್ಕೆ ಯಾರೂ ಸಾಯಬೇಕಾಗಿಲ್ಲ.

ಯಜಮಾನ ಗಿಂಡಿಯನ್ನು ಬಗ್ಗಿಸಿ ನೋಡಿದ. ಒಂದು ಹನಿಯೂ ಉಳಿದಿರಲಿಲ್ಲ. ಅವನು ಬಹಳ ಹೊತ್ತು ಆ ಬರಿಗಿಂಡಿಯನ್ನೂ, ಎತ್ತಿದ ಕುಡುಗೋಲನ್ನೂ, ಆ ಗಂಟನ್ನೂ ನೋಡುತ್ತಾ ನಿಂತ. ಆಮೇಲೆ ಕುಡುಗೋಲನ್ನು ಹುರಿಗಾರನ ಕೈಗೆ ಕೊಟ್ಟ.

"ಗಂಟಿನ ತುದಿ ಉದ್ದ ಬಿಟ್ಟಿದ್ದೀಯ," ಎಂದ. "ಹಿರಿಯಾಕೆಯ ಕೈಗೆ ಚುಚ್ಚುತ್ತೆ. ಕತ್ತರಿಸು. ತುದಿ ಮಾತ್ರ."

ಗಿಂಡಿ ತುಂಬಿಸಿಕೊಳ್ಳಲು ತಾನೇ ಬಾವಿಯ ಕಡೆ ನಡೆದ. ಅಲ್ಲಿ, ಎಂದೂ ನೀರು ಮುಟ್ಟದ ಎರಡನೆಯ ಹಗ್ಗವನ್ನು ಕೊಡಕ್ಕೆ ಬಿಗಿದು, ಕೆಳಗೆ ಬಿಟ್ಟ.